ಒಂದು ಲೀಟರ್ ಎಣ್ಣೆಗೆ ಎಷ್ಟು ಗ್ರಾಂ? ತೂಕ, ಅಳತೆ ತಾಳೆ ಆಗದಿದ್ರೆ ತಪ್ಪು ಹುಡುಕುವ ಕ್ರಮ

ನಮ್ದು ಕಾಸರಗೋಡು ಜಿಲ್ಲೆಯ ಬದಿಯಡ್ಕದಿಂದ ಸ್ವಲ್ಪ ಒಳಗೆ, ಮನೆ ಹತ್ರವೇ ಒಂದು ಸಣ್ಣ ಎಣ್ಣೆ ಮಿಲ್ಲು. ನಮ್ಮ ತೋಟದ ಕೊಬ್ಬರಿ, ಮತ್ತೆ ಅಕ್ಕಪಕ್ಕದವ್ರು ತಂದು ಕೊಡುವ ಕೊಬ್ಬರಿ ಆಡಿಸಿ 1 ಲೀಟರ್ ಬಾಟ್ಲಿಗೆ ತುಂಬಿಸಿ ನಾಲ್ಕೈದು ಅಂಗಡಿಗೆ ಕೊಡ್ತೇವೆ. ಕಳೆದ ಮಾರ್ಚಲ್ಲಿ ಕುಂಬಳೆ ಕಡೆಯ ಒಂದು ಅಂಗಡಿಯವ್ರು ಫೋನ್ ಮಾಡಿ "ಅಣ್ಣಾ, ಒಬ್ರು ಗಿರಾಕಿ ನಿಮ್ಮ ಎಣ್ಣೆ ಬಾಟ್ಲಿಯನ್ನು ತಕ್ಕಡಿಯಲ್ಲಿ ಇಟ್ಟು ನೋಡಿದ್ರು, ಬಾಟ್ಲಿ ಸೇರಿ 930 ಗ್ರಾಂ ಅಷ್ಟೇ ಉಂಟು, 1 ಲೀಟರ್ ಅಂತ ಬರ್ದು 70 ಗ್ರಾಂ ಕಮ್ಮಿ ಕೊಡ್ತಾರೆ ಅಂತ ಎಲ್ಲರ ಎದುರು ಹೇಳಿ ಹೋದ್ರು" ಅಂದ್ರು. ನನಗೆ ಆ ರಾತ್ರಿ ಊಟ ಸೇರ್ಲಿಲ್ಲ. ಅಪ್ಪನ ಕಾಲದಿಂದ ನಡೆಸಿಕೊಂಡು ಬಂದ ಮಿಲ್ಲು, ಅಳತೆಯಲ್ಲಿ ಮೋಸ ಅಂತ ಒಂದು ಮಾತು ಬಂದ್ರೆ ಅದು ಅಷ್ಟು ಸುಲಭಕ್ಕೆ ಹೋಗುವ ಮಾತಲ್ಲ.

ಮೊದ್ಲು ಬಂದದ್ದು ಸಿಟ್ಟು. ಎಣ್ಣೆ ನೀರಿಗಿಂತ ಹಗುರ, ನೀರಿನ ಮೇಲೆ ತೇಲ್ತದೆ, 1 ಲೀಟರ್ ಎಣ್ಣೆ 1 ಕೆಜಿ ಆಗ್ಲಿಕ್ಕೆ ಸಾಧ್ಯವೇ ಇಲ್ಲ, ಇಷ್ಟೂ ಗೊತ್ತಿಲ್ವಾ ಜನಕ್ಕೆ ಅಂತ ಮನೆಯಲ್ಲಿ ಜೋರಾಗಿ ಹೇಳ್ತಾ ಇದ್ದೆ. ಆಗ ಒಂಬತ್ತನೇ ಕ್ಲಾಸಲ್ಲಿ ಓದುವ ಮಗಳು "ಅಪ್ಪಾ, ಹಾಗಾದ್ರೆ ನಮ್ಮ ಎಣ್ಣೆ ಒಂದು ಲೀಟರಿಗೆ ಎಷ್ಟು ಗ್ರಾಂ ಇರ್ಬೇಕು?" ಅಂತ ಕೇಳಿದ್ಳು. ನನ್ನ ಹತ್ರ ಉತ್ತರ ಇರ್ಲಿಲ್ಲ. ಸಾವಿರಕ್ಕಿಂತ ಕಮ್ಮಿ ಅಂತ ಗೊತ್ತು, ಆದ್ರೆ ಎಷ್ಟು ಕಮ್ಮಿ ಅಂತ ಗೊತ್ತಿಲ್ಲ. ಅದು ಗೊತ್ತಿಲ್ಲದೆ ಬಾಟ್ಲಿಯಲ್ಲಿ ತಪ್ಪು ಉಂಟೋ ಇಲ್ವೋ ಅಂತ ಹೇಳುವುದು ಹೇಗೆ? ಮುಂದೆ ಮೂರು ದಿನ ಕೂತು ಹುಡುಕಿದ್ದನ್ನು ಇಲ್ಲಿ ಬರೀತಾ ಇದ್ದೇನೆ, ಮನೆಯಲ್ಲಿ ಎಣ್ಣೆ ತೆಗ್ದು ಮಾರುವವ್ರಿಗೆ ಬೇಕಾಗ್ತದೆ, ಶಾಲೆಯಲ್ಲಿ ಸಾಂದ್ರತೆಯ ಪ್ರಯೋಗ ಮಾಡಿ ಲೆಕ್ಕ ಸರಿ ಬಾರದೆ ಮಂಡೆಬಿಸಿ ಮಾಡಿಕೊಳ್ಳುವ ಮಕ್ಕಳಿಗೂ ಬೇಕಾಗ್ತದೆ.

ಮೂರು ಶಬ್ದ, ಅದ್ರಲ್ಲಿ ಅಲುಗಾಡುವುದು ಯಾವುದು

ದ್ರವ್ಯರಾಶಿ ಅಂದ್ರೆ ಬಾಟ್ಲಿಯೊಳಗೆ ಎಣ್ಣೆ ಅನ್ನುವ ವಸ್ತು ಎಷ್ಟು ಉಂಟು ಅಂತ, ಅದನ್ನು ನಾವು ತಕ್ಕಡಿಯಲ್ಲಿ ಗ್ರಾಂ ಲೆಕ್ಕದಲ್ಲಿ ನೋಡ್ತೇವೆ. ಗಾತ್ರ ಅಂದ್ರೆ ಅದು ಎಷ್ಟು ಜಾಗ ಹಿಡೀತದೆ ಅಂತ, ಅದು ಲೀಟರ್, ಎಂಎಲ್ ಲೆಕ್ಕ. ಗ್ರಾಮನ್ನು ಎಂಎಲ್‌ನಿಂದ ಭಾಗಿಸಿದ್ರೆ ಬರುವುದು ಸಾಂದ್ರತೆ, ಅಂದ್ರೆ ಒಂದು ಎಂಎಲ್ ಜಾಗದಲ್ಲಿ ಎಷ್ಟು ಗ್ರಾಂ ಕೂತಿದೆ ಅಂತ. ನಮ್ಮ ಪಕ್ಕದ ಮನೆಯ ಹುಡುಗ ಮಲಯಾಳಂ ಮೀಡಿಯಂ, ಅವ್ನು ಪಿಂಡಂ, ವ್ಯಾಪ್ತಂ, ಸಾಂದ್ರತ ಅಂತಾನೆ, ಮಗಳು ದ್ರವ್ಯರಾಶಿ, ಗಾತ್ರ, ಸಾಂದ್ರತೆ ಅಂತಾಳೆ, ಇಬ್ಬರೂ ಒಟ್ಟಿಗೆ ಕೂತು ಲೆಕ್ಕ ಮಾಡುವಾಗ ಮೂರನೇ ಶಬ್ದದಲ್ಲಿ ಮಾತ್ರ ಇಬ್ಬರೂ ಹತ್ರ ಬರ್ತಾರೆ.

ತಪ್ಪು ಹುಡುಕುವವ್ರು ನೆನಪಿಟ್ಟುಕೊಳ್ಬೇಕಾದ ಸಂಗತಿ ಇಷ್ಟು. ಮುಚ್ಚಳ ಹಾಕಿದ ಬಾಟ್ಲಿಯ ಎಣ್ಣೆಯ ದ್ರವ್ಯರಾಶಿ ಬದಲಾಗುದಿಲ್ಲ, ಬಿಸಿಲಲ್ಲಿ ಇಡಿ, ಫ್ರಿಜ್ಜಲ್ಲಿ ಇಡಿ, ಕುಲುಕಿ, ತಲೆಕೆಳಗೆ ಮಾಡಿ, ಒಂದು ಹನಿ ಹೊರಗೆ ಹೋಗದಿದ್ರೆ ಗ್ರಾಂ ಅಷ್ಟೇ. ಗಾತ್ರ ಹಾಗಲ್ಲ, ಅದು ಬಿಸಿಗೆ ಹಿಗ್ತದೆ, ತಣ್ಣಗಾದ್ರೆ ಕುಗ್ತದೆ. ಗಾತ್ರ ಬದಲಾದಾಗ ಸಾಂದ್ರತೆಯೂ ಅದಕ್ಕೆ ಸರಿಯಾಗಿ ಬದಲಾಗ್ತದೆ. ಹಾಗಾಗಿ ತಕ್ಕಡಿಯ ಲೆಕ್ಕವೂ ಲೀಟರಿನ ಲೆಕ್ಕವೂ ತಾಳೆ ಆಗದಿದ್ರೆ ನಾನಂತೂ ಈಗ ಮೊದ್ಲು ಸಂಶಯ ಪಡುವುದು ಲೀಟರಿನ ಮೇಲೆ.

ಗಿರಾಕಿ ಹೇಳಿದ "1 ಲೀಟರ್ ಅಂದ್ರೆ 1 ಕೆಜಿ" ಅನ್ನುವ ಮಾತು ಆಕಾಶದಿಂದ ಬಿದ್ದದ್ದಲ್ಲ, ಅದು ನೀರಿನ ಲೆಕ್ಕ. 1795ರಲ್ಲಿ ಫ್ರಾನ್ಸಿನಲ್ಲಿ ಗ್ರಾಂ ಅಂತ ಗೊತ್ತು ಮಾಡಿದ್ದೇ ಒಂದು ಘನ ಸೆಂಟಿಮೀಟರ್ ನೀರಿನ ಲೆಕ್ಕದಲ್ಲಿ. 1901ರಿಂದ 1964ರವರೆಗೆ ಲೀಟರ್ ಅಂದ್ರೆ 1 ಕೆಜಿ ನೀರು ಹಿಡಿಯುವ ಜಾಗ ಅಂತಲೇ ವ್ಯಾಖ್ಯೆ ಇತ್ತು, ಆಮೇಲೆ ಅದನ್ನು ಬಿಟ್ಟು 10 ಸೆಂಟಿಮೀಟರ್ ಉದ್ದ ಅಗಲ ಎತ್ತರದ ಪೆಟ್ಟಿಗೆಯ ಜಾಗ ಅಂತ ಮಾಡಿದ್ರು. ನಮ್ಮ ಕಡೆ ಸೇರು ಅಂದ್ರೂ ಹೀಗೇ ಗೊಂದಲ, ಅಳತೆಗೂ ಸೇರು, ತೂಕಕ್ಕೂ ಸೇರು. ಅಕ್ಕಿ ಮುಡಿಗೆ 42 ಸೇರು ಅಂತ ಅಜ್ಜಿ ಹೇಳುವಾಗ ಅದು ಅಳೆಯುವ ಸೇರು. ಹಾಗಾಗಿ ಗಿರಾಕಿಯ ಮೇಲೆ ನನಗೆ ಈಗ ಸಿಟ್ಟಿಲ್ಲ. ಅವ್ರು ಹೇಳಿದ ಕಾರಣ ತಪ್ಪು, ಆದ್ರೆ ದೂರು ಸರಿ ಇತ್ತು, ಅದು ಮುಂದೆ ಗೊತ್ತಾಗ್ತದೆ.

ಇರ್ಬೇಕಾದ್ದು ಎಷ್ಟು ಅಂತ ಮೊದ್ಲು ತೆಗೀರಿ

ತೆಂಗಿನೆಣ್ಣೆಯ ಸಾಂದ್ರತೆ ನಮ್ಮ ಊರಿನ ಸಾಮಾನ್ಯ ಬಿಸಿಗೆ, ಅಂದ್ರೆ 30 ಡಿಗ್ರಿ ಹತ್ರ, ಒಂದು ಎಂಎಲ್‌ಗೆ 0.91ರಿಂದ 0.92 ಗ್ರಾಂ. ಪುಸ್ತಕದಲ್ಲಿ ಇಷ್ಟು ಸಿಗ್ತದೆ, ಆದ್ರೆ ಲೀಟರಿಗೆ 910 ಅಂದ್ರೂ 920 ಅಂದ್ರೂ ನಡುವೆ 10 ಗ್ರಾಂ ಆಯ್ತು, ಹಾಗಾಗಿ ನಿಮ್ಮ ಎಣ್ಣೆಯದ್ದು ನೀವೇ ಅಳೆಯುವುದು ಒಳ್ಳೇದು. ಅದಕ್ಕೆ ಲ್ಯಾಬ್ ಬೇಡ, ಅಳತೆ ಗೆರೆ ಇರುವ ಪಾತ್ರೆಯೂ ಬೇಡ. ಬೇಕಾದ್ದು 1 ಗ್ರಾಂ ತೋರಿಸುವ ಡಿಜಿಟಲ್ ತಕ್ಕಡಿ, ಕುತ್ತಿಗೆ ಸಪೂರ ಇರುವ ಒಂದು ದಪ್ಪ ಗಾಜಿನ ಬಾಟ್ಲಿ, ನೀರು, ಒಂದು ಥರ್ಮಾಮೀಟರ್.

ನಾನು ಮಾಡಿದ್ದು ಹೀಗೆ. ಗಾಜಿನ ಬಾಟ್ಲಿ ತೊಳ್ದು ಒಣಗಿಸಿ ತೂಗಿದೆ, 412 ಗ್ರಾಂ. ಬಾಯಿವರೆಗೆ ನೀರು ತುಂಬಿಸಿ, ಒಂದು ಸ್ಟೀಲ್ ತಟ್ಟೆಯಿಂದ ಬಾಯಿಯನ್ನು ಉಜ್ಜಿದ ಹಾಗೆ ಮುಚ್ಚಿ, ಮೇಲೆ ಉಬ್ಬಿ ನಿಂತ ನೀರೆಲ್ಲ ಹೋದ ಮೇಲೆ ತಟ್ಟೆ ತೆಗ್ದು, ಹೊರಗಿನ ನೀರು ಬಟ್ಟೆಯಲ್ಲಿ ಒರ್ಸಿ ಮತ್ತೆ ತೂಗಿದೆ, 1168. ಅಂದ್ರೆ ನೀರು 756 ಗ್ರಾಂ. ನೀರು 29 ಡಿಗ್ರಿ ಇತ್ತು, ಆ ಬಿಸಿಗೆ ನೀರಿನ ಸಾಂದ್ರತೆ ಸರಿ 1 ಅಲ್ಲ, 0.996 (ಸರಿ 1 ಬರುವುದು 4 ಡಿಗ್ರಿಯಲ್ಲಿ). 756ನ್ನು 0.996ರಿಂದ ಭಾಗಿಸಿದ್ರೆ 759, ಹಾಗಾದ್ರೆ ಈ ಬಾಟ್ಲಿ ಬಾಯಿವರೆಗೆ ಹಿಡಿಯುವುದು 759 ಎಂಎಲ್. ಆಮೇಲೆ ಬಾಟ್ಲಿಯನ್ನು ಪೂರ್ತಿ ಒಣಗಿಸಿ (ಇದ್ರಲ್ಲಿ ಅವಸರ ಮಾಡಿದ್ರೆ ಕೆಟ್ಟಿತು, ತಳದಲ್ಲಿ ಹತ್ತು ಹನಿ ನೀರು ಉಳಿದ್ರೆ ಅದೇ ಅರ್ಧ ಗ್ರಾಂ), ಅದೇ ದಿನ ಅದೇ ಜಾಗದಲ್ಲಿ ಇಟ್ಟು ತಣ್ಣಗಾದ ಎಣ್ಣೆಯನ್ನು ಅದೇ ರೀತಿ ಬಾಯಿವರೆಗೆ ತುಂಬಿಸಿ ತೂಗಿದೆ, 1107. ಎಣ್ಣೆ 695 ಗ್ರಾಂ. 695 ಭಾಗಿಸು 759, 0.9157 ಬಂತು. ಮೂರು ಸಲ ಮಾಡಿದೆ, ಒಂದು ಗ್ರಾಂ ಆಚೆ ಈಚೆ. ಹಾಗಾದ್ರೆ ನಮ್ಮ ಎಣ್ಣೆ ಲೀಟರಿಗೆ 915 ಗ್ರಾಂ ಅಂತ ಇಟ್ಟುಕೊಂಡೆ.

ಬಾಟ್ಲಿ ದೊಡ್ಡದೇ ಯಾಕೆ ಅಂತ ಕೇಳಿದ್ರೆ, ತಕ್ಕಡಿ 1 ಗ್ರಾಂ ತಪ್ಪು ತೋರಿಸಿದ್ರೂ 695ರಲ್ಲಿ ಅದು ಲೆಕ್ಕಕ್ಕಿಲ್ಲ, ಅದೇ 50 ಎಂಎಲ್ ಎಣ್ಣೆ ತಕ್ಕೊಂಡ್ರೆ ಅದ್ರ ತೂಕವೇ 46 ಗ್ರಾಂ ಹತ್ರ, ಅಲ್ಲಿ 1 ಗ್ರಾಂ ತಪ್ಪಿದ್ರೆ ನೂರಕ್ಕೆ ಎರಡು ಹೋಯ್ತು, ಉತ್ತರ 0.90 ಬರ್ಬಹುದು, 0.94 ಕೂಡ ಬರ್ಬಹುದು. ಶಾಲೆಯ ಪ್ರಯೋಗದಲ್ಲಿ ಒಂದೇ ಎಣ್ಣೆಗೆ ಐದು ಮಕ್ಕಳಿಗೆ ಐದು ಉತ್ತರ ಬರುವುದಕ್ಕೆ ಹೆಚ್ಚಾಗಿ ಇದೇ ಕಾರಣ, ಮಕ್ಕಳಿಗೆ ಬಯ್ದು ಪ್ರಯೋಜನ ಇಲ್ಲ.

ಎರಡು ರಾಶಿ ಬಾಟ್ಲಿ

ಈಗ ದೂರಿನ ಲೆಕ್ಕ ನೋಡಿ. ನಮ್ಮ ಕಾಲಿ ಬಾಟ್ಲಿ ಮುಚ್ಚಳ ಸೇರಿ 42 ಗ್ರಾಂ. ಅಂಗಡಿಯಲ್ಲಿ ಬಂದ 930ರಲ್ಲಿ ಅದು ಕಳೆದ್ರೆ ಎಣ್ಣೆ 888. ಇರ್ಬೇಕಾದ್ದು 915. ಗಿರಾಕಿ ಹೇಳಿದ 70 ಗ್ರಾಂ ಅಲ್ಲ, ಆದ್ರೆ 27 ಗ್ರಾಂ ನಿಜವಾಗಿಯೂ ಕಮ್ಮಿ ಉಂಟು, ಎಂಎಲ್ ಲೆಕ್ಕದಲ್ಲಿ ಸುಮಾರು 30. ಆ ಸಂಖ್ಯೆ ಕಾಗದದಲ್ಲಿ ಕಂಡಾಗ ನನ್ನ ಎದೆ ಒಮ್ಮೆ ಧಸಕ್ ಅಂತು. ನಾನು ಬೇಕೂಂತ ಒಂದು ಹನಿ ಕಮ್ಮಿ ಹಾಕಿದವ ಅಲ್ಲ, ಆದ್ರೂ ಜನರ ಕೈಗೆ ಕಮ್ಮಿಯೇ ಹೋಗಿದೆ.

ಮಿಲ್ಲಲ್ಲಿ ಉಳಿದ ಇಪ್ಪತ್ತು ಬಾಟ್ಲಿಯನ್ನೂ ತೂಗಿದೆ. ಎಲ್ಲ ಒಂದೇ ತರ ಬರ್ಲಿಲ್ಲ. ಹೆಚ್ಚುಕಮ್ಮಿ ಅರ್ಧದಲ್ಲಿ ಎಣ್ಣೆ 888 ಹತ್ರ, ಇನ್ನರ್ಧದಲ್ಲಿ 904 ಹತ್ರ. ನಡುವಿನ ಸಂಖ್ಯೆ ಒಂದೂ ಇಲ್ಲ. ಇದು ಒಳ್ಳೇ ಸುಳಿವು. ಕೈ ನಡುಗಿಯೋ ಕಣ್ಣಳತೆ ತಪ್ಪಿಯೋ ಕಮ್ಮಿ ಆದದ್ದಾದ್ರೆ 880, 893, 901 ಅಂತ ಹೇಗೆ ಬೇಕೋ ಹಾಗೆ ಹರಡಿಕೊಳ್ಬೇಕಿತ್ತು, ಹೀಗೆ ಎರಡು ಗುಂಪು ಆಗಿ ನಿಂತದ್ದು ಅಂದ್ರೆ ತುಂಬಿಸುವ ಕ್ರಮದಲ್ಲೇ ಎಂತದೋ ಎರಡು ತರ ನಡೀತಾ ಉಂಟು ಅಂತ. ಎರಡು ಪ್ರಶ್ನೆ ಬರ್ದುಕೊಂಡೆ: ಈ ಎರಡು ಗುಂಪಿಗೆ ತಮ್ಮೊಳಗೆ 16 ಗ್ರಾಂ ವ್ಯತ್ಯಾಸ ಯಾಕೆ, ಮತ್ತೆ ಒಳ್ಳೇ ಗುಂಪು ಅಂತ ಕಾಣುವ 904ರದ್ದೂ 915ಕ್ಕೆ ಮುಟ್ಟದೆ 11 ಗ್ರಾಂ ಹಿಂದೆ ಯಾಕೆ.

ಮುಂದೆ ಹೋಗುವ ಮೊದ್ಲು ತಕ್ಕಡಿ ನೋಡ್ಬೇಕು. ಸರ್ಕಾರದ ಮುದ್ರೆ ಇರುವ 1 ಕೆಜಿ ತೂಕದ ಕಲ್ಲು ಅಂಗಡಿಯಿಂದ ತಂದು ಇಟ್ಟೆ, 1000 ತೋರಿಸಿತು, ಅರ್ಧ ಕೆಜಿಯದ್ದು 500. ತಕ್ಕಡಿ ಸಮತಟ್ಟಾದ ಜಾಗದಲ್ಲಿ ಇರ್ಬೇಕು, ಫ್ಯಾನಿನ ಗಾಳಿ ನೇರ ಬೀಳ್ಬಾರ್ದು, ಸೊನ್ನೆ ಬಂದ ಮೇಲೆಯೇ ಇಡ್ಬೇಕು. ಇದು ಐದು ನಿಮಿಷದ ಕೆಲಸ, ಇದಕ್ಕಿಂತ ಹೆಚ್ಚು ಹೇಳ್ಲಿಕ್ಕೆ ಇಲ್ಲ.

ಮೊದಲ್ನೇ ತಪ್ಪು: ಬಿಸಿ

ಯಾವ ಬಾಟ್ಲಿ ಯಾವಾಗ ತುಂಬಿಸಿದ್ದು ಅಂತ ಹೆಂಡತಿ ಹತ್ರ ಕೇಳಿದೆ, ಅವ್ಳೇ ತುಂಬಿಸುವುದು. ಪೆಟ್ಟಿಗೆಯ ಮೇಲೆ ತಾರೀಕು ಬರ್ದಿತ್ತು, ನೆನಪು ಮಾಡಿ ಹೇಳಿದ್ಳು: 904ರದ್ದು ಬೆಳಿಗ್ಗೆ ತುಂಬಿಸಿದ್ದು, 888ರದ್ದು ಸಂಜೆ, ಆಡಿಸಿದ ದಿನವೇ. ಆಗ ಮಂಡೆಗೆ ಹೋಯ್ತು. ಎಕ್ಸ್‌ಪೆಲ್ಲರಿಂದ, ಅಂದ್ರೆ ಕೊಬ್ಬರಿ ಹಿಂಡುವ ಯಂತ್ರದಿಂದ, ಬರುವ ಎಣ್ಣೆ ಬಿಸಿ ಇರ್ತದೆ, ಬಿಸಿ ಇರುವಾಗ ಫಿಲ್ಟರಲ್ಲಿ ಬೇಗ ಇಳೀತದೆ ಅಂತ ನಾವು ತಣಿಲಿಕ್ಕೆ ಬಿಡದೆ ಬೇಗ ಬೇಗ ಸೋಸ್ತೇವೆ, ಆರ್ಡರ್ ಇದ್ರೆ ಹಾಗೆಯೇ ತುಂಬಿಸಿಯೂ ಬಿಡ್ತೇವೆ. ಮರುದಿನ ಆಡಿಸುವಾಗ ಥರ್ಮಾಮೀಟರ್ ಹಾಕಿ ನೋಡಿದೆ, ತುಂಬಿಸುವ ಹೊತ್ತಿಗೆ 55 ಡಿಗ್ರಿ.

ಅಡುಗೆ ಎಣ್ಣೆಗಳೆಲ್ಲ ಪ್ರತಿ ಡಿಗ್ರಿಗೆ ಹತ್ತು ಸಾವಿರದಲ್ಲಿ ಸುಮಾರು ಏಳು ಪಾಲು ಹಿಗ್ತವೆ. ಕೇಳ್ಲಿಕ್ಕೆ ಸಣ್ಣದು, ಆದ್ರೆ 30ರಿಂದ 55ಕ್ಕೆ 25 ಡಿಗ್ರಿ, ನೂರಕ್ಕೆ ಒಂದೂಮುಕ್ಕಾಲು ಆಯ್ತು. ಬಿಸಿ ಎಣ್ಣೆ 1 ಲೀಟರ್ ಅಳ್ದು ಹಾಕಿದ್ರೆ ಅದ್ರಲ್ಲಿ ಇರುವ ಎಣ್ಣೆಯೇ 899 ಗ್ರಾಂ, ತಣ್ಣಗಾದ ಮೇಲೆ ಅದು 982 ಎಂಎಲ್ ಆಗಿ ಕೆಳಗೆ ಕೂರ್ತದೆ. ಅಳತೆ ಮಾಡಿದ ಹೊತ್ತಿಗೆ ಲೀಟರ್ ಸುಳ್ಳಲ್ಲ, ರಾತ್ರಿ ಕಳೆದು ಬೆಳಿಗ್ಗೆ ಆಗುವಾಗ ಅದು ಲೀಟರ್ ಅಲ್ಲ. ಎರಡು ಗುಂಪಿನ ನಡುವಿನ 16 ಗ್ರಾಂ ಇಲ್ಲಿಗೆ ಸರಿ ಹೋಯ್ತು. ನಮ್ಮ ಎಣ್ಣೆಗೆ ಒಂದು ಅಂದಾಜು ಬರ್ದಿಟ್ಟಿದ್ದೇನೆ, 10 ಡಿಗ್ರಿ ಏರಿದ್ರೆ ಲೀಟರಿಗೆ ಆರೂವರೆ ಗ್ರಾಂ ಹೋಯ್ತು, ಅಂದ್ರೆ 30ಕ್ಕೆ 915 ಇದ್ದದ್ದು 40ಕ್ಕೆ 909, 50ಕ್ಕೆ 902.

ಇದು ನಮ್ಮಂಥ ಸಣ್ಣವರ ಉಪದ್ರ ಮಾತ್ರ ಅಲ್ಲ. ದೊಡ್ಡ ದೊಡ್ಡ ಪ್ಯಾಕೆಟ್ ಎಣ್ಣೆಯ ಮೇಲೆ ಗಾತ್ರದ ಜೊತೆ ಇಂಥ ಡಿಗ್ರಿಯಲ್ಲಿ ಅಂತ ಬರೆಯುವ ಕ್ರಮ ಇತ್ತು, ಕೆಲವ್ರು 60 ಡಿಗ್ರಿ ಅಂತಲೂ ಹಾಕ್ತಾ ಇದ್ರು. 2022ರಲ್ಲಿ ಕೇಂದ್ರದ ಗ್ರಾಹಕ ವ್ಯವಹಾರ ಇಲಾಖೆ ಆ ಡಿಗ್ರಿ ತೆಗ್ದು, ಗಾತ್ರ ಬರ್ದ್ರೆ ಜೊತೆಗೆ ತೂಕವನ್ನೂ ಬರೀರಿ ಅಂತ ಹೇಳಿತು, 2023ರ ಜನವರಿ 15ರ ಒಳಗೆ ಸರಿ ಮಾಡ್ಲಿಕ್ಕೆ ಸಮಯ ಕೊಟ್ಟಿತು. ಅವ್ರು ಕೊಟ್ಟ ಉದಾಹರಣೆ ಸೋಯಾಬೀನ್ ಎಣ್ಣೆಯದ್ದು: 1 ಲೀಟರ್ 21 ಡಿಗ್ರಿಯಲ್ಲಿ 919 ಗ್ರಾಂ, 60 ಡಿಗ್ರಿಯಲ್ಲಿ 892.6 ಗ್ರಾಂ. ನನ್ನ ಲೆಕ್ಕದ ಹಿಗ್ಗುವಿಕೆ ಅದಕ್ಕೆ ಹತ್ರ ಬಂದದ್ದು ನೋಡಿ ನನಗೆ ಸಮಾಧಾನ ಆಯ್ತು.

ಎರಡನೇ ತಪ್ಪು: ಲೀಟರ್ ಮಗ್ಗು

ಬಿಸಿಯ ವಿಷಯ ಸಿಕ್ಕಿದ ಕೂಡ್ಲೇ ತಪ್ಪು ಸಿಕ್ಕಿತು ಅಂತ ಕೈ ತೊಳ್ಕೊಳ್ಬಹುದಿತ್ತು, ನಾನೂ ಅರ್ಧ ದಿನ ಹಾಗೇ ಇದ್ದೆ. ಆದ್ರೆ ಬೆಳಿಗ್ಗೆ ತಣ್ಣಗೆ ತುಂಬಿಸಿದ್ದೂ 904, 11 ಗ್ರಾಂ ಎಲ್ಲಿ? ಒಂದು ತಪ್ಪು ಸಿಕ್ಕಿದ ಮೇಲೆ ಲೆಕ್ಕ ಪೂರ್ತಿ ಕೂಡಿ ಬರ್ತದಾ ಅಂತ ನೋಡ್ಲೇಬೇಕು. ಕೂಡಿ ಬಾರದಿದ್ರೆ ಇನ್ನೊಂದು ತಪ್ಪು ಹಿಂದೆ ಕೂತಿದೆ ಅಂತ ಅರ್ಥ.

ನಾವು ಅಳೆಯುವುದು ಪ್ಲಾಸ್ಟಿಕ್ ಮಗ್ಗಲ್ಲಿ, 1 ಲೀಟರ್ ಅಂತ ಗೆರೆ ಉಬ್ಬಿಕೊಂಡು ಉಂಟು, ಎಷ್ಟೋ ವರ್ಷದಿಂದ ಅದೇ. ಅದನ್ನು ಕಾಲಿ ತೂಗಿ, ಗೆರೆಯವರೆಗೆ ನೀರು ಹಾಕಿ ತೂಗಿದೆ. ನೀರು 984 ಗ್ರಾಂ. 0.996ರಿಂದ ಭಾಗಿಸಿದ್ರೆ 988 ಎಂಎಲ್. ಗೆರೆಯೇ 12 ಎಂಎಲ್ ಕೆಳಗೆ ಉಂಟು! 988 ಎಂಎಲ್ ಎಣ್ಣೆ ಅಂದ್ರೆ 904 ಗ್ರಾಂ. ಬಿಸಿ ಎಣ್ಣೆ ಆ ಮಗ್ಗಲ್ಲಿ ಅಳೆದ್ರೆ 888. ಎರಡೂ ಸಂಖ್ಯೆ ಗ್ರಾಂಗೆ ಗ್ರಾಂ ಕೂತಿತು. ಮಗ್ಗು ಮೊದ್ಲಿಂದಲೇ ಹಾಗೆಯೋ ಬಿಸಿ ಎಣ್ಣೆ ಬಿದ್ದು ಬಿದ್ದು ಆಕಾರ ಕೆಟ್ಟದ್ದೋ ಹೇಳ್ಲಿಕ್ಕೆ ಬರುದಿಲ್ಲ, ಅದ್ರ ಹೊಟ್ಟೆ ಒಂದು ಬದಿಯಲ್ಲಿ ಸ್ವಲ್ಪ ಒಳಗೆ ಹೋದ್ದು ಮಾತ್ರ ಬೆಳಕಿಗೆ ಹಿಡಿದ್ರೆ ಕಾಣ್ತದೆ, ಅಷ್ಟು ವರ್ಷ ಕೈಯಲ್ಲಿ ಹಿಡಿದ್ರೂ ಕಂಡಿರ್ಲಿಲ್ಲ.

ನೀರನ್ನು ತೂಗಿ ಪಾತ್ರೆ ಪರೀಕ್ಷೆ ಮಾಡುವ ಈ ಕ್ರಮ ಯಾವ ಅಳತೆ ಪಾತ್ರೆಗೂ ಆಗ್ತದೆ, ಹಾಲಿನ ಲೀಟರಿಗೂ, ಮದ್ದು ಬಿಡುವ ಡಬ್ಬಿಗೂ, ಅಜ್ಜಿ ಅಳೆಯುವ ಹಳೇ ಸಣ್ಣ ಪಾತ್ರೆ ಕುಡ್ತೆಗೂ. ಅಳೆಯುವಾಗ ಪಾತ್ರೆ ಸಮ ಇರ್ಲಿ, ಕಣ್ಣು ಗೆರೆಯ ನೇರಕ್ಕೆ ಬಗ್ಗಿಸಿ ನೋಡಿ, ನೀರಿನ ಅಂಚು ಗೋಡೆ ಹತ್ರ ಮೇಲೆ ಏರಿರ್ತದೆ, ಅದನ್ನಲ್ಲ, ನಡುವಿನ ತಗ್ಗು ಭಾಗವನ್ನು ಗೆರೆಗೆ ತರ್ಬೇಕು. ಎಣ್ಣೆಯಾದ್ರೆ ಇನ್ನೊಂದು ಉಂಟು, ಎತ್ತರದಿಂದ ಹೊಯ್ದ್ರೆ ಸಣ್ಣ ಸಣ್ಣ ಗಾಳಿಗುಳ್ಳೆ ಹಿಡಿದು ಮಟ್ಟ ಮೇಲೆ ಕಾಣ್ತದೆ, ಹತ್ತು ನಿಮಿಷ ಬಿಟ್ರೆ ಇಳೀತದೆ.

ಚಳಿಗೆ ಗಟ್ಟಿಯಾದಾಗ ಬರುವ ದೂರು

ಡಿಸೆಂಬರ್, ಜನವರಿಯಲ್ಲಿ ಪೆರ್ಲ, ದೇಲಂಪಾಡಿ ಕಡೆ ಬೆಳಗ್ಗಿನ ಚಳಿಗೆ ಎಣ್ಣೆ ಗಟ್ಟಿ ಆಗ್ತದೆ, ತೆಂಗಿನೆಣ್ಣೆ ಕರಗುವುದೇ 24 ಡಿಗ್ರಿ ಹತ್ರ. ಆಗ ಬರುವ ದೂರು ಬೇರೆ: ಬಾಟ್ಲಿಯ ನಡುವೆ ಗುಂಡಿ ಬಿದ್ದಿದೆ, ಯಾರೋ ಎಣ್ಣೆ ತೆಗ್ದಿದ್ದಾರೆ ಅಂತ. ಯಾರೂ ತೆಗ್ದಿಲ್ಲ. ಗೋಡೆ ಹತ್ರದ ಎಣ್ಣೆ ಮೊದ್ಲು ಗಟ್ಟಿಯಾಗಿ ಅಲ್ಲಿಗೇ ಹಿಡ್ಕೊಳ್ತದೆ, ಗಟ್ಟಿಯಾಗುವಾಗ ಎಣ್ಣೆ ಕುಗ್ತದೆ, ಕೊನೆಗೆ ಗಟ್ಟಿಯಾಗುವ ನಡುಭಾಗ ಕೆಳಗೆ ಜಗ್ಗಿ ಗುಂಡಿ ಆಗ್ತದೆ. ಅರ್ಧ ಕರಗಿದ ಬಾಟ್ಲಿ ನೋಡಿ, ಬಿಳಿ ಗಟ್ಟಿ ಭಾಗ ತಳದಲ್ಲಿ ಕೂತಿರ್ತದೆ, ಗಟ್ಟಿಯದ್ದರ ಸಾಂದ್ರತೆ ಜಾಸ್ತಿ. ನೀರು ಇದಕ್ಕೆ ಪೂರ್ತಿ ಉಲ್ಟಾ, ಐಸ್ ಆಗುವಾಗ ಅದು ನೂರಕ್ಕೆ ಒಂಬತ್ತು ಹಿಗ್ತದೆ, ಅದಕ್ಕೇ ಐಸ್ ತೇಲುವುದು, ಫ್ರೀಜರಲ್ಲಿ ಇಟ್ಟ ಗಾಜಿನ ಬಾಟ್ಲಿ ಒಡೆಯುವುದು.

ಇದನ್ನು ಬಾಯಲ್ಲಿ ಹೇಳಿದ್ರೆ ಯಾರೂ ನಂಬುದಿಲ್ಲ, ಹಾಗಾಗಿ ಅಂಗಡಿಯವ್ರಿಗೆ ನಾನು ಹೇಳಿಕೊಟ್ಟದ್ದು, ಗುಂಡಿ ಬಿದ್ದ ಬಾಟ್ಲಿಯನ್ನು ಗಿರಾಕಿ ಎದುರೇ ತೂಗಿ, ಆಮೇಲೆ ಬಿಸಿಲಲ್ಲಿ ಇಟ್ಟು ಕರಗಿದ ಮೇಲೆ ಮತ್ತೆ ತೂಗಿ ತೋರಿಸಿ ಅಂತ. ಗುಂಡಿ ಹೋಗಿ ಮಟ್ಟ ಮೇಲೆ ಬಂದಿರ್ತದೆ, ಗ್ರಾಂ ಅಲ್ಲೇ ಇರ್ತದೆ.

ಸಾಂದ್ರತೆಗೆ ಗೊತ್ತಾಗದ ಸಂಗತಿ

ಇಷ್ಟೆಲ್ಲ ಆದ ಮೇಲೆ ನನ್ನ ತಮ್ಮ ಕೇಳಿದ, ಹಾಗಾದ್ರೆ ಪೇಟೆಯಲ್ಲಿ ಸಿಗುವ ಎಣ್ಣೆಯ ಸಾಂದ್ರತೆ ತೆಗ್ದು ಕಲಬೆರಕೆ ಹಿಡೀಬಹುದಲ್ಲ ಅಂತ. ಹಿಡೀಲಿಕ್ಕೆ ಆಗುದಿಲ್ಲ, ಇದನ್ನು ಗಟ್ಟಿಯಾಗಿ ಹೇಳ್ತೇನೆ. ಪಾಮೆಣ್ಣೆಯ ಸಾಂದ್ರತೆ ತೆಂಗಿನೆಣ್ಣೆಗೆ ಬಹಳ ಹತ್ರ, ನಮ್ಮ ಮನೆ ತಕ್ಕಡಿಗೆ ಆ ವ್ಯತ್ಯಾಸ ಕಾಣುದಿಲ್ಲ. ನೂರಕ್ಕೆ ಒಂದು ಪಾಲು ನೀರು ಸೇರಿದ್ರೂ 915 ಇದ್ದದ್ದು 916 ಆಗ್ಬಹುದು ಅಷ್ಟೇ. ಸಂಖ್ಯೆ ಸರಿ ಬಂತು ಅಂತ ಎಣ್ಣೆ ಶುದ್ಧ ಅಂತ ಹೇಳುವ ಹಾಗಿಲ್ಲ. ಹಾಲಿಗೂ ಹೀಗೆಯೇ. ಲ್ಯಾಕ್ಟೋಮೀಟರ್ ನೋಡುವುದು ಸಾಂದ್ರತೆಯನ್ನೇ, ಹಾಲಿನದ್ದು ಸುಮಾರು 1.03, ನೀರು ಹಾಕಿದ್ರೆ ಇಳೀತದೆ, ಕೆನೆ ತೆಗೆದ್ರೆ ಏರ್ತದೆ ಯಾಕಂದ್ರೆ ಕೊಬ್ಬು ಹಗುರ, ಎರಡನ್ನೂ ಒಟ್ಟಿಗೆ ಮಾಡಿದವ್ರ ಹಾಲು ಲ್ಯಾಕ್ಟೋಮೀಟರಲ್ಲಿ ಪಾಸಾಗ್ಬಹುದು. ಅದಕ್ಕೇ ಡೈರಿಯಲ್ಲಿ ಫ್ಯಾಟ್ ಬೇರೆ ನೋಡುವುದು.

ಕಾಳುಮೆಣಸು, ಕೆಂಪುಕಲ್ಲು: ನಡುವೆ ಗಾಳಿ ಇದ್ರೆ

ದ್ರವ ಬಿಟ್ಟು ಕಾಳಿಗೆ ಬಂದ್ರೆ ಗಾತ್ರ ಅನ್ನುವ ಶಬ್ದವೇ ಸ್ವಲ್ಪ ಜಾರ್ತದೆ. ನಮ್ಮಲ್ಲಿ ಮೆಣಸಿನ ವ್ಯಾಪಾರದವ್ರು ಲೀಟರ್ ವೆಯ್ಟ್ ಅಂತ ನೋಡ್ತಾರೆ, ಒಂದು ಲೀಟರ್ ಡಬ್ಬಿಯಲ್ಲಿ ಎಷ್ಟು ಗ್ರಾಂ ಮೆಣಸು ಕೂರ್ತದೆ ಅಂತ, 500, 550 ಅಂತ ಅದ್ರ ಮೇಲೆಯೇ ರೇಟು. ಎಳತು ಕೊಯ್ದದ್ದು, ಜೊಳ್ಳು ಜಾಸ್ತಿ ಇದ್ದದ್ದು ಆದ್ರೆ ಗ್ರಾಂ ಕಮ್ಮಿ. ಆದ್ರೆ ನಿಮ್ಮ ಮನೆಯಲ್ಲಿ ಬಂದ ಸಂಖ್ಯೆಯೂ ಅಂಗಡಿಯ ಸಂಖ್ಯೆಯೂ ಬೇರೆ ಬಂದ್ರೆ ಮೆಣಸನ್ನೇ ದೂರ್ಬೇಡಿ, ತುಂಬಿಸಿದ್ದು ಹೇಗೆ ಅಂತ ನೋಡಿ. ನಮ್ಮದೇ ಮೆಣಸು ಮೆಲ್ಲ ಸುರಿದು ಮಟ್ಟ ಮಾಡಿದಾಗ 535, ಡಬ್ಬಿಯನ್ನು ನೆಲಕ್ಕೆ ನಾಲ್ಕು ಸಲ ಕುಟ್ಟಿ ತುಂಬಿಸಿದಾಗ 560. ಕಾಳು ಬದಲಾಗ್ಲಿಲ್ಲ, ಕಾಳಿನ ನಡುವಿನ ಗಾಳಿ ಕಮ್ಮಿ ಆಯ್ತು. ಇಬ್ಬರೂ ಒಂದೇ ಕ್ರಮದಲ್ಲಿ ಸುರೀಬೇಕು, ಇಲ್ಲಾಂದ್ರೆ ಜಗಳಕ್ಕೆ ಕೊನೆ ಇಲ್ಲ.

ಬೀಜದಡಿಕೆ ಆರಿಸುವಾಗ ನೀರಿಗೆ ಹಾಕುವುದೂ ಸಾಂದ್ರತೆಯ ಪರೀಕ್ಷೆಯೇ, 35 ಗ್ರಾಂ ಮೇಲಿನ ಪೂರ್ತಿ ಹಣ್ಣಾದ ಅಡಿಕೆ ತೊಟ್ಟಿನ ಬದಿ ಮೇಲೆ ಮಾಡಿ ನೆಟ್ಟಗೆ ತೇಲಿದ್ರೆ ಅದು ಬೀಜಕ್ಕೆ ಒಳ್ಳೇದು, ಕಾಸರಗೋಡಿನ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ಸಿಪಿಸಿಆರ್‌ಐಯವ್ರೂ ಹಾಗೆಯೇ ಹೇಳುವುದು.

ಕೆಂಪುಕಲ್ಲಿನದ್ದು ಮಗಳ ಕತೆ. ಕಲ್ಲಿನ ಸಾಂದ್ರತೆ ತೆಗೀರಿ ಅಂತ ಶಾಲೆಯಲ್ಲಿ ಹೇಳಿದ್ರು, ಇವ್ಳು ಅಂಗಳದ ಬದಿಯಿಂದ ಒಂದು ಮುರಕಲ್ಲಿನ ತುಂಡು ತಕ್ಕೊಂಡು ಹೋದ್ಳು. ಒಣ ಕಲ್ಲು 107 ಗ್ರಾಂ. ಅಳತೆ ಜಾಡಿಯಲ್ಲಿ ನೀರು 200 ಇತ್ತು, ಕಲ್ಲು ಇಳಿಸಿದಾಗ 249 ಆಯ್ತು, 49 ಎಂಎಲ್, ಉತ್ತರ 2.18. ಜೊತೆಯ ಹುಡುಗಿ ಹತ್ತು ನಿಮಿಷ ಬಿಟ್ಟು ನೋಡುವಾಗ ಮಟ್ಟ 245ಕ್ಕೆ ಇಳಿದಿತ್ತು, ಅವ್ಳ ಲೆಕ್ಕದಲ್ಲಿ 45 ಎಂಎಲ್, ಉತ್ತರ 2.38. ಇಬ್ಬರಿಗೂ ಅಳು ಬರುವ ಹಾಗಾಯ್ತು. ಮನೆಗೆ ಬಂದು ಮತ್ತೆ ಮಾಡಿ ತೋರಿಸಿದ್ಳು, ನಾನೂ ಪಕ್ಕದಲ್ಲಿ ಕೂತು ನೋಡಿದೆ. ಕಲ್ಲು ನೀರಿಗೆ ಇಳಿದ ಕೂಡ್ಲೇ ಅದ್ರ ಒಂದೊಂದು ತೂತಿನಿಂದ ಸಾಸಿವೆ ಕಾಳಿನಷ್ಟು ಸಣ್ಣ ಗುಳ್ಳೆ ಸಾಲಾಗಿ ಏರ್ಲಿಕ್ಕೆ ಸುರು ಆಯ್ತು, ಒಂದು ತೂತಿನದ್ದು ನಿಂತ್ರೆ ಇನ್ನೊಂದರಿಂದ, ನೀರು ಸ್ವಲ್ಪ ಕೆಂಪಾಯ್ತು, ಗುಳ್ಳೆ ಹೋದ ಹಾಗೆ ಹೋದ ಹಾಗೆ ಮಟ್ಟ ಕಣ್ಣೆದುರೇ ಕೂದಲೆಳೆಯಷ್ಟು ಇಳೀತಾ ಬಂತು. ನೀರು ಕಲ್ಲಿನೊಳಗೆ ಹೋಗ್ತಾ ಉಂಟು, ಒಳಗಿನ ಗಾಳಿ ಹೊರಗೆ ಬರ್ತಾ ಉಂಟು.

ಹಾಗಾದ್ರೆ ಯಾರದ್ದು ಸರಿ? ತೂತನ್ನೂ ಸೇರಿಸಿ ಕಲ್ಲು ಹಿಡಿಯುವ ಜಾಗ ಬೇಕಾದ್ರೆ ಮಗಳದ್ದು ಹತ್ರ, ತೂತು ಬಿಟ್ಟು ಕಲ್ಲಿನ ವಸ್ತುವಿನದ್ದು ಬೇಕಾದ್ರೆ ಇನ್ನೊಬ್ಬಳದ್ದು ಹತ್ರ. ಮನೆ ಕಟ್ಟುವವ್ರು ಕಲ್ಲಿನ ಲೋಡು ಲೆಕ್ಕ ಹಾಕುವಾಗ ಬೇಕಾದ್ದು ಮೊದಲ್ನೇದು. ಅದನ್ನು ಸರಿಯಾಗಿ ತೆಗೀಬೇಕಾದ್ರೆ ಕಲ್ಲನ್ನು ಒಣಗಿಸಿ ತೂಗಿ, ಒಂದು ರಾತ್ರಿ ನೀರಲ್ಲಿ ಮುಳುಗಿಸಿಟ್ಟು ತೂತೆಲ್ಲ ತುಂಬ್ಲಿಕ್ಕೆ ಬಿಟ್ಟು, ತೆಗ್ದು ಮೈ ಮಾತ್ರ ಒದ್ದೆ ಬಟ್ಟೆಯಲ್ಲಿ ಒರ್ಸಿ, ಆಮೇಲೆ ಜಾಡಿಗೆ ಇಳಿಸ್ಬೇಕು. ಹಾಗೆ ಮಾಡಿದಾಗ 49ರಲ್ಲೇ ನಿಂತಿತು, ಅರ್ಧ ಗಂಟೆ ಬಿಟ್ರೂ ಇಳೀಲಿಲ್ಲ. ಗ್ರಾಂ ಮಾತ್ರ ಒಣ ಕಲ್ಲಿನದ್ದನ್ನೇ ಹಿಡೀಬೇಕು, ಒದ್ದೆ ಕಲ್ಲಿನದ್ದಲ್ಲ, ಇದನ್ನು ಮರೆತು ತಪ್ಪುವವ್ರೇ ಜಾಸ್ತಿ.

ಈಗ ನಾವು ಮಾಡುವುದು

ಅಂಗಡಿಗಳಿಗೆ ಹೋದ ಬಾಟ್ಲಿ ಸಿಕ್ಕಿದಷ್ಟು ವಾಪಸ್ ತಂದೆ. ಮಾರಿ ಹೋದದ್ದಕ್ಕೆ ದಾರಿ ಇಲ್ಲ, ಆ ಗಿರಾಕಿ ಯಾರು ಅಂತ ಕೇಳಿ ಅವ್ರ ಮನೆಗೆ ಹೋಗಿ ಒಂದು ಬಾಟ್ಲಿ ಕೊಟ್ಟು, ನೀವು ಹೇಳಿದಷ್ಟು ಅಲ್ಲ, ಆದ್ರೆ ಕಮ್ಮಿ ಇದ್ದದ್ದು ನಿಜ ಅಂತ ಹೇಳಿ ಬಂದೆ. ಅವ್ರು ಒಳಗೆ ಕರ್ದು ಚಾ ಕೊಟ್ರು.

ಮಗ್ಗಲ್ಲಿ ಅಳೆಯುವುದು ಬಿಟ್ಟೆವು, ಈಗ ತೂಕದಲ್ಲೇ ತುಂಬಿಸುವುದು. ತಕ್ಕಡಿಯಲ್ಲಿ ಕಾಲಿ ಬಾಟ್ಲಿ ಇಟ್ಟು ಸೊನ್ನೆ ಮಾಡಿ 915 ಬರುವವರೆಗೆ ಹಾಕುವುದು, ಎಣ್ಣೆ ಬಿಸಿ ಇದ್ರೂ ತಣ್ಣಗಿದ್ರೂ ಲೆಕ್ಕ ಒಂದೇ. ಆದ್ರೂ ಬಿಸಿಯಲ್ಲಿ ತುಂಬಿಸಿದ್ರೆ ಬಾಟ್ಲಿಯ ಬಾಯಿವರೆಗೆ ಬರ್ತದೆ, ಚೆಲ್ತದೆ, ಮುಚ್ಚಳ ಹಾಕಿ ತಣಿದ ಮೇಲೆ ಪ್ಲಾಸ್ಟಿಕ್ ಬಾಟ್ಲಿ ಒಳಗೆ ಜಗ್ತದೆ, ಹಾಗಾಗಿ ಒಂದು ರಾತ್ರಿ ತಣೀಲಿಕ್ಕೆ ಬಿಡ್ತೇವೆ. ಲೇಬಲಿನಲ್ಲಿ 1 ಲೀಟರ್ ಜೊತೆ 915 ಗ್ರಾಂ ಅಂತಲೂ ಹಾಕಿದ್ದೇವೆ. ಬೇರೆ ತೋಟದ ಕೊಬ್ಬರಿ ಜಾಸ್ತಿ ಬಂದಾಗ ಗಾಜಿನ ಬಾಟ್ಲಿಯ ಪರೀಕ್ಷೆ ಮತ್ತೊಮ್ಮೆ ಮಾಡ್ತೇನೆ, ಇದುವರೆಗೆ ಒಂದು ಗ್ರಾಂಗಿಂತ ಹೆಚ್ಚು ಬದಲಾಗ್ಲಿಲ್ಲ.

ತಕ್ಕಡಿಯ ಮೇಲಿನ ಗೋಡೆಯಲ್ಲಿ ಮಗಳು ದಪ್ಪ ಅಕ್ಷರದಲ್ಲಿ ಬರ್ದು ಅಂಟಿಸಿದ್ದಾಳೆ: ಕಾಲಿ ಬಾಟ್ಲಿ 42, ಎಣ್ಣೆ 915, ಒಟ್ಟು 957. ಬಾಟ್ಲಿಯ ಹೊಸ ಲೋಡು ಬಂದ್ರೆ ಮೊದ್ಲು ಕಾಲಿ ಬಾಟ್ಲಿ ತೂಗಿ 42 ಉಂಟಾ ಅಂತ ನೋಡುವುದು.